ರಸ್ತೆಯ ಆಯುಷ್ಯ

ಹೊಸದಾಗಿ ಹಾಸಿದ ರಸ್ತೆ ನೋಡುವವರ ಕಣ್ಣಿಗೆ ಹಿತವಾಗಿರುತ್ತದೆ. ಉದ್ಘಾಟನೆಯ ದಿನ ಅದರಲ್ಲಿ ಒಂದು ಬಿರುಕೂ ಇರುವುದಿಲ್ಲ, ಒಂದು ಕುಳಿಯೂ ಕಾಣುವುದಿಲ್ಲ. ನೆರೆದವರೆಲ್ಲರೂ ಅದನ್ನು ಒಳ್ಳೆಯ ರಸ್ತೆಯೆಂದೇ ಹೊಗಳುತ್ತಾರೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ರಸ್ತೆಗೂ ಸಲ್ಲುತ್ತದೆ. ಒಂದು ರಸ್ತೆ ಒಳ್ಳೆಯದೋ ಅಲ್ಲವೋ ಎಂಬುದನ್ನು ಹೇಳಬೇಕಾದುದು ಅದರ ಮೊದಲ ದಿನವಲ್ಲ. ಇಪ್ಪತ್ತು ಮಳೆಗಾಲ, ಇಪ್ಪತ್ತು ಬೇಸಗೆ ಕಳೆದು, ಲಕ್ಷಾಂತರ ಲಾರಿಗಳು ಅದರ ಮೇಲೆ ಉರುಳಿದ ಅನಂತರದ ದಿನ.

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಕಾಂಕ್ರೀಟು ಹೆದ್ದಾರಿಯನ್ನು ಮೂವತ್ತು ವರ್ಷಗಳ ಬಾಳಿಕೆಯನ್ನು ಎಣಿಸಿ ಕಟ್ಟುತ್ತಾರೆ. ಅದರ ಚಪ್ಪಡಿ ಎಷ್ಟು ದಪ್ಪವಿರಬೇಕು, ಅಡಿಯಲ್ಲಿ ಏನನ್ನು ಹಾಸಬೇಕು ಎಂಬುದನ್ನು ಮಾತ್ರ ಇಂದೇ ನಿರ್ಧರಿಸಬೇಕು. ಮೂವತ್ತು ವರ್ಷ ಕಾದು ನೋಡಿ ಆಮೇಲೆ ಕಟ್ಟುವಷ್ಟು ವ್ಯವಧಾನ ಯಾವ ನಾಡಿಗೂ ಇಲ್ಲ. ದಪ್ಪವನ್ನು ಅಗತ್ಯಕ್ಕಿಂತ ಹೆಚ್ಚಿಸಿದರೆ ಪ್ರಜೆಗಳ ತೆರಿಗೆಯ ಹಣ ಮಣ್ಣುಪಾಲಾಗುತ್ತದೆ. ಕಡಮೆ ಮಾಡಿದರೆ ರಸ್ತೆ ಅಕಾಲದಲ್ಲಿ ಒಡೆದು ಅದೇ ಹಣವನ್ನು ಮತ್ತೊಮ್ಮೆ ಸುರಿಯಬೇಕಾಗುತ್ತದೆ. ಮುಂದೆ ಬರಲಿರುವ ಮುಪ್ಪನ್ನು ಇಂದೇ ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಸುಮಾರು ನೂರು ವರ್ಷಗಳ ಪ್ರಯತ್ನದ ಕಥೆ ಕುತೂಹಲಕರವಾದುದು.

ಈ ಕಥೆಯನ್ನು ತಿಳಿಯುವ ಮೊದಲು ಕಾಂಕ್ರೀಟು ರಸ್ತೆಯ ಸ್ವಭಾವವನ್ನು ಅರಿಯಬೇಕು. ಡಾಂಬರು ರಸ್ತೆ ಹಾಸಿಗೆಯಂತೆ. ಭಾರ ಬಿದ್ದ ಕಡೆ ಕೊಂಚ ತಗ್ಗಿ, ಆ ಭಾರವನ್ನು ಪದರದಿಂದ ಪದರಕ್ಕೆ ಇಳಿಸುತ್ತದೆ. ಕಾಂಕ್ರೀಟು ರಸ್ತೆ ಹಲಗೆಯಂತೆ. ಬಿದ್ದ ಭಾರವನ್ನು ತನ್ನ ಬಿಗುವಿನಿಂದಲೇ ಅಗಲವಾಗಿ ಹರಡಿ, ಕೆಳಗಿನ ಮಣ್ಣಿನ ಮೇಲೆ ಹಗುರವಾಗಿ ಇಡುತ್ತದೆ. ಕಾಂಕ್ರೀಟಿಗೆ ಒತ್ತಡವನ್ನು ತಾಳುವ ಶಕ್ತಿ ಬಹಳ. ಎಳೆತವನ್ನು ತಾಳುವ ಶಕ್ತಿ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಚಪ್ಪಡಿ ಬಾಗಿದಾಗ ಅದರ ಒಂದು ಮೈ ಒತ್ತಲ್ಪಡುತ್ತದೆ, ಇನ್ನೊಂದು ಮೈ ಎಳೆಯಲ್ಪಡುತ್ತದೆ. ಬಿರುಕು ಹುಟ್ಟುವುದು ಎಳೆಯಲ್ಪಟ್ಟ ಮೈಯಲ್ಲಿ. ಒಂದೇ ಲಾರಿ ಹಾದುಹೋದರೆ ಚಪ್ಪಡಿ ಒಡೆಯುವುದಿಲ್ಲ. ಆದರೆ ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಬಾಗಿಸಿದರೆ ಅದು ಕೊನೆಗೆ ತುಂಡಾಗುವಂತೆ, ಲಕ್ಷ ಸಲ ಬಾಗಿದ ಚಪ್ಪಡಿಯೂ ದಣಿದು ಬಿರುಕು ಬಿಡುತ್ತದೆ.

ಚಪ್ಪಡಿಗೆ ಲಾರಿಯೊಂದೇ ವೈರಿಯಲ್ಲ. ಸೂರ್ಯನೂ ಅದನ್ನು ಕಾಡುತ್ತಾನೆ. ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ನೂರು ಮೀಟರು ಉದ್ದದ ಕಾಂಕ್ರೀಟು ಮೂವತ್ತು ಡಿಗ್ರಿ ತಣ್ಣಗಾದರೆ ಸುಮಾರು ಮೂರು ಸೆಂಟಿಮೀಟರು ಕುಗ್ಗಲು ಹವಣಿಸುತ್ತದೆ. ಅದನ್ನು ಒಂದೇ ಹಾಳೆಯಾಗಿ ಎರಕ ಹೊಯ್ದರೆ ತನಗೆ ತೋಚಿದ ಕಡೆ ಸೀಳುತ್ತದೆ. ಆದುದರಿಂದ ನಾಲ್ಕೈದು ಮೀಟರಿಗೊಮ್ಮೆ ಬೇಕೆಂದೇ ಗೆರೆ ಕೊಯ್ದು ಸಂದುಗಳನ್ನು ಬಿಡುತ್ತಾರೆ. ಬಿರುಕು ಬರುವುದೇ ಆದರೆ ಅಲ್ಲಿಯೇ ನೇರವಾಗಿ ಬರಲಿ ಎಂಬುದು ಇದರ ಉದ್ದೇಶ. ಒಂದು ಚಪ್ಪಡಿಯ ಮೇಲಿನ ಭಾರದಲ್ಲಿ ಪಕ್ಕದ ಚಪ್ಪಡಿಯೂ ಪಾಲು ಹೊರಲೆಂದು ಸಂದಿನ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ.

ಇದಲ್ಲದೆ ಚಪ್ಪಡಿಗೆ ದಿನಕ್ಕೊಂದು ನಡೆಯೂ ಉಂಟು. ರಾತ್ರಿ ಅದರ ಮೇಲ್ಮೈ ಬೇಗ ತಣಿದು ಕುಗ್ಗುತ್ತದೆ. ತಳ ಇನ್ನೂ ಬೆಚ್ಚಗಿರುತ್ತದೆ. ಆಗ ಚಪ್ಪಡಿಯ ಅಂಚುಗಳೂ ಮೂಲೆಗಳೂ ಒಣಗಿದ ಎಲೆಯಂತೆ ಮೇಲಕ್ಕೆ ಸುರುಳುತ್ತವೆ. ನಡುಹಗಲಿನಲ್ಲಿ ಮೇಲ್ಮೈ ಕಾದು ಹಿಗ್ಗುವುದರಿಂದ ಚಪ್ಪಡಿಯ ನಡುಭಾಗ ಉಬ್ಬುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಏರಿಳಿತದಿಂದ ಬೆಳಗಿನ ಜಾವ ಮೂಲೆಗಳ ಅಡಿಯಲ್ಲಿ ಆಸರೆ ತಪ್ಪುತ್ತದೆ. ಆ ಹೊತ್ತಿನಲ್ಲಿ ಭಾರದ ಲಾರಿ ಮೂಲೆಯ ಮೇಲೆ ಹಾದರೆ ಆಗುವ ಅಪಾಯ ಹೆಚ್ಚು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಡೆನ್ಮಾರ್ಕ್ ಮೂಲದ ವೆಸ್ಟರ್‌ಗಾರ್ಡ್ ಎಂಬ ವಿದ್ವಾಂಸರು ಚಪ್ಪಡಿಯ ನಡು, ಅಂಚು, ಮೂಲೆಗಳಲ್ಲಿ ಹುಟ್ಟುವ ಬಲಗಳನ್ನು ಗಣಿತದಿಂದ ಲೆಕ್ಕ ಹಾಕುವ ಮಾರ್ಗವನ್ನು 1926ರಲ್ಲಿ ತೋರಿಸಿಕೊಟ್ಟರು.

ಆದರೆ ಗಣಿತಕ್ಕಿಂತ ಮುಂಚೆಯೇ ಕಾಂಕ್ರೀಟು ರಸ್ತೆ ಹುಟ್ಟಿತ್ತು. ಅಮೆರಿಕದ ಒಹಾಯೋ ರಾಜ್ಯದ ಬೆಲ್‌ಫೌಂಟೇನ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಬಾರ್ತೊಲೊಮ್ಯೂ ಎಂಬವನು 1891ರಲ್ಲಿ ಎಂಟು ಅಡಿ ಅಗಲದ ಕಾಂಕ್ರೀಟು ಪಟ್ಟಿಯೊಂದನ್ನು ಬೀದಿಯಲ್ಲಿ ಹಾಸಿದನು. ಅದು ಮೆಚ್ಚುಗೆಯಾಗಲು, ನ್ಯಾಯಾಲಯದ ಸುತ್ತಲಿನ ಬೀದಿಗಳಿಗೂ ಕಾಂಕ್ರೀಟು ಹಾಕಬೇಕೆಂಬ ಮಾತು ಬಂದಿತು. ಊರಿನ ಹಿರಿಯರಿಗೆ ಅನುಮಾನ: ಇದು ಎಷ್ಟು ಕಾಲ ಉಳಿದೀತು? ಐದು ವರ್ಷ ಕೆಡದೆ ಉಳಿಯುವುದೆಂದು ಬಾರ್ತೊಲೊಮ್ಯೂ 5,000 ಡಾಲರುಗಳ ಜಾಮೀನು ಬರೆದುಕೊಡಬೇಕಾಯಿತು. ಕುದುರೆಗಳ ಕಾಲು ಜಾರದಿರಲೆಂದು ಮೇಲ್ಮೈಯಲ್ಲಿ ಚೌಕುಳಿ ಗೆರೆಗಳನ್ನು ಎಳೆದಿದ್ದರು. ಐದು ವರ್ಷದ ಮಾತು ಕೊಟ್ಟು ಕಟ್ಟಿದ ಆ ಬೀದಿ ನೂರು ವರ್ಷವನ್ನೂ ದಾಟಿ ಉಳಿದಿದೆ. ಇದರಿಂದ ಕಾಂಕ್ರೀಟು ಬಾಳಬಲ್ಲದೆಂಬುದು ತಿಳಿಯಿತು. ಆದರೆ ಕುದುರೆಗಾಡಿಗಳ ಊರಬೀದಿ ಉಳಿದ ಮಾತ್ರಕ್ಕೆ ಲಾರಿಗಳ ಹೆದ್ದಾರಿಯೂ ಉಳಿಯುವುದೆಂದು ಹೇಳಲು ಬಾರದು.

ಮೊದಲನೆಯ ಮಹಾಯುದ್ಧದ ಅನಂತರ ಭಾರದ ಲಾರಿಗಳು ರಸ್ತೆಗಿಳಿದವು. ಅವುಗಳ ಗಟ್ಟಿ ರಬ್ಬರು ಚಕ್ರಗಳಿಗೆ ಸಿಕ್ಕಿ ಅಂದಿನ ರಸ್ತೆಗಳು ಪುಡಿಯಾಗತೊಡಗಿದವು. ಆಗ ಇಲಿನಾಯ್ ರಾಜ್ಯದ ಎಂಜಿನಿಯರುಗಳು ಊಹೆಯನ್ನು ಬಿಟ್ಟು ಪರೀಕ್ಷೆಗೆ ಇಳಿದರು. ಇಟ್ಟಿಗೆ, ಡಾಂಬರು, ಕಾಂಕ್ರೀಟುಗಳ ಬಗೆಬಗೆಯ ತುಂಡುಗಳನ್ನು ಒಂದೇ ದಾರಿಯಲ್ಲಿ ಸಾಲಾಗಿ ಕಟ್ಟಿ, 1922 ಮತ್ತು 1923ರಲ್ಲಿ ಅವುಗಳ ಮೇಲೆ ಯುದ್ಧಕಾಲದ ಲಾರಿಗಳನ್ನು, ಹೊರೆಯನ್ನು ಹಂತಹಂತವಾಗಿ ಏರಿಸುತ್ತ, ಓಡಿಸಿದರು. ಬೇಟ್ಸ್ ರಸ್ತೆ ಪರೀಕ್ಷೆ ಎಂದು ಹೆಸರಾದ ಈ ಪ್ರಯೋಗದಲ್ಲಿ ಚಪ್ಪಡಿಗಳು ಮೂಲೆ ಮತ್ತು ಅಂಚುಗಳಲ್ಲಿ ಮೊದಲು ಮುರಿಯುವುದು ಕಂಡುಬಂದಿತು. ಆ ರಾಜ್ಯದ ಹೆದ್ದಾರಿ ಎಂಜಿನಿಯರಾಗಿದ್ದ ಕ್ಲಿಫರ್ಡ್ ಓಲ್ಡರ್ ಮೂಲೆಯ ಬಲವನ್ನು ಎಣಿಸುವ ಸರಳ ಸೂತ್ರವೊಂದನ್ನು ನೀಡಿದನು. ಅಲ್ಲಿಂದ ಮುಂದೆ ಕೆಲಕಾಲ ನಡುವಿಗಿಂತ ಅಂಚನ್ನು ದಪ್ಪವಾಗಿ ಕಟ್ಟುವ ಪದ್ಧತಿ ರೂಢಿಗೆ ಬಂದಿತು.

ಮೂರು ದಶಕಗಳ ಮೇಲೆ ಅದೇ ಇಲಿನಾಯ್ ರಾಜ್ಯದಲ್ಲಿ ಇದಕ್ಕಿಂತ ಬಹುದೊಡ್ಡ ಪರೀಕ್ಷೆಯೊಂದು ನಡೆಯಿತು. 1956ರಲ್ಲಿ ಅಮೆರಿಕವು ದೇಶದ ಉದ್ದಗಲಕ್ಕೂ ಅಂತರರಾಜ್ಯ ಹೆದ್ದಾರಿಗಳನ್ನು ಕಟ್ಟುವ ಮಹಾಯೋಜನೆಯನ್ನು ಕೈಗೊಂಡಿತ್ತು. ಅಷ್ಟೊಂದು ಹಣವನ್ನು ಸುರಿಯುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕಾಗಿತ್ತು. ಯಾವ ಭಾರಕ್ಕೆ ಎಷ್ಟು ದಪ್ಪದ ರಸ್ತೆ ಬೇಕು? ರಸ್ತೆಯನ್ನು ಹೆಚ್ಚು ಕೆಡಿಸುವವರು ಯಾರು, ಮತ್ತು ಎಷ್ಟರಮಟ್ಟಿಗೆ? ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘವು ಇದರ ಹೊಣೆಯನ್ನು ಹೊತ್ತುದರಿಂದ, ಆ ಸಂಘದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಆಶೋ ರಸ್ತೆ ಪರೀಕ್ಷೆ ಎಂದು ಕರೆದರು.

ಷಿಕಾಗೋ ನಗರದ ನೈಋತ್ಯಕ್ಕೆ ಸುಮಾರು ನೂರಮೂವತ್ತು ಕಿಲೋಮೀಟರು ದೂರದಲ್ಲಿ ಆಟವಾ ಎಂಬ ಊರಿದೆ. ಕೆನಡಾ ದೇಶದ ರಾಜಧಾನಿಗೂ ಇದಕ್ಕೂ ಹೆಸರು ಮಾತ್ರ ಒಂದೇ. ಈ ಊರಿನ ಬಳಿ 1956ರ ಆಗಸ್ಟಿನಲ್ಲಿ ಕಟ್ಟುವ ಕೆಲಸ ಮೊದಲಾಯಿತು. ಆರು ಸುತ್ತುದಾರಿಗಳನ್ನು ನಿರ್ಮಿಸಿದರು. ಪ್ರತಿಯೊಂದು ಸುತ್ತಿನ ಒಂದು ನೇರ ಭಾಗದಲ್ಲಿ ಕಾಂಕ್ರೀಟು, ಇನ್ನೊಂದು ನೇರ ಭಾಗದಲ್ಲಿ ಡಾಂಬರು. ಈ ನೇರ ಭಾಗಗಳನ್ನು ಒಟ್ಟು 836 ತುಂಡುಗಳಾಗಿ ವಿಂಗಡಿಸಿದ್ದರು. ಅವುಗಳಲ್ಲಿ 368 ಕಾಂಕ್ರೀಟಿನವು. ಅತಿ ತೆಳುವಾದ ಚಪ್ಪಡಿ ಎರಡೂವರೆ ಅಂಗುಲ, ಅತಿ ದಪ್ಪದ್ದು ಹನ್ನೆರಡೂವರೆ ಅಂಗುಲ. ಕೆಲವು ಚಪ್ಪಡಿಗಳ ಅಡಿಯಲ್ಲಿ ಜಲ್ಲಿಮರಳಿನ ತಳಪದರವೇ ಇರಲಿಲ್ಲ. ಕೆಲವಕ್ಕೆ ಒಂಬತ್ತು ಅಂಗುಲದವರೆಗೂ ಇತ್ತು. ಎರಡೂವರೆ ಅಂಗುಲದ ಚಪ್ಪಡಿ ಹೆದ್ದಾರಿಗೆ ಸಾಲದೆಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಅದನ್ನು ಮುರಿಯಲೆಂದೇ ಕಟ್ಟಿದ್ದರು. ಯಾವುದು ಯಾವಾಗ ಮುರಿಯುತ್ತದೆ ಎಂದು ತಿಳಿದಾಗ ಮಾತ್ರ ಯಾವುದು ಎಷ್ಟು ಕಾಲ ಮುರಿಯದೆಂದು ಹೇಳಬಹುದು.

1958ರ ಅಕ್ಟೋಬರಿನಲ್ಲಿ ವಾಹನ ಸಂಚಾರ ಆರಂಭವಾಯಿತು. ಅಮೆರಿಕದ ಭೂಸೇನೆಯ ಸಾರಿಗೆ ದಳದ ಸೈನಿಕರು ಚಾಲಕರಾಗಿ ನಿಂತರು. ಎರಡನೆಯ ಸುತ್ತಿನಲ್ಲಿ ಹಗುರ ವಾಹನಗಳು. ಮೂರರಿಂದ ಆರನೆಯವರೆಗೆ ಒಂದಕ್ಕಿಂತ ಒಂದು ಭಾರವಾದ ಲಾರಿಗಳು. ಆರನೆಯ ಸುತ್ತಿನಲ್ಲಿ ಒಂದು ಅಚ್ಚಿನ ಮೇಲೆ 30,000 ಪೌಂಡು, ಅಂದರೆ ಸುಮಾರು ಹದಿಮೂರೂವರೆ ಟನ್ನು ಭಾರವಿತ್ತು. ಮೊದಲನೆಯ ಸುತ್ತಿನಲ್ಲಿ ಮಾತ್ರ ಸಂಚಾರವನ್ನೇ ಬಿಡಲಿಲ್ಲ. ಬಿಸಿಲು, ಮಳೆ, ಹಿಮಗಳು ತಾವಾಗಿಯೇ ರಸ್ತೆಯನ್ನು ಎಷ್ಟು ಕೆಡಿಸುತ್ತವೆ ಎಂಬುದನ್ನು ಬೇರೆಯಾಗಿ ಅರಿಯುವುದು ಇದರ ಗುರಿ. ಹಗಲೆನ್ನದೆ ಇರುಳೆನ್ನದೆ, ಎರಡು ವರ್ಷಗಳಿಗೂ ಮೀರಿ, ಅದೇ ಲಾರಿಗಳು ಅದೇ ಸುತ್ತುಗಳಲ್ಲಿ ಗಾಣದೆತ್ತಿನಂತೆ ಸುತ್ತಿದವು. 1960ರ ನವೆಂಬರು ಕೊನೆಗೆ ಸಂಚಾರ ನಿಂತಾಗ, ಪೂರ್ತಿ ಕಾಲ ಉಳಿದ ಪ್ರತಿಯೊಂದು ತುಂಡಿನ ಮೇಲೂ ಅಚ್ಚುಗಳು ಸುಮಾರು 11 ಲಕ್ಷದ 14 ಸಾವಿರ ಸಲ ಹಾದುಹೋಗಿದ್ದವು. ಒಟ್ಟು ವೆಚ್ಚ ಸುಮಾರು 2 ಕೋಟಿ 70 ಲಕ್ಷ ಡಾಲರು.

ರಸ್ತೆ ಕೆಟ್ಟಿತೆಂದು ಹೇಳುವುದು ಯಾವಾಗ? ಈ ಪ್ರಶ್ನೆ ಸುಲಭವೆಂದು ತೋರಿದರೂ ಸುಲಭವಲ್ಲ. ಒಬ್ಬ ಎಂಜಿನಿಯರು ಮೊದಲ ಬಿರುಕನ್ನು ಕಂಡಾಗಲೇ ಕೆಟ್ಟಿತೆನ್ನಬಹುದು. ಇನ್ನೊಬ್ಬನು ಚಪ್ಪಡಿ ಪುಡಿಯಾಗುವ ತನಕ ಚೆನ್ನಾಗಿದೆಯೆನ್ನಬಹುದು. ಈ ಗೊಂದಲವನ್ನು ಬಿಡಿಸಲು ಕೇರಿ ಮತ್ತು ಐರಿಕ್ ಎಂಬಿಬ್ಬರು ಒಂದು ಸರಳ ವಿಚಾರವನ್ನು ಮುಂದಿಟ್ಟರು. ರಸ್ತೆ ಇರುವುದು ಜನರ ಸಂಚಾರಕ್ಕಾಗಿ. ಆದುದರಿಂದ ಅದರ ಯೋಗ್ಯತೆಯನ್ನು ಹೇಳಬೇಕಾದವರೂ ಅದರ ಮೇಲೆ ಸಂಚರಿಸುವ ಜನರೇ. ಅದರಂತೆ ಒಂದು ಮಂಡಲಿಯನ್ನು ಆರಿಸಿ, ನಾನಾ ಸ್ಥಿತಿಯಲ್ಲಿದ್ದ ರಸ್ತೆಗಳ ಮೇಲೆ ಪಯಣಿಸಲು ಕಳುಹಿಸಿದರು. ಪ್ರತಿಯೊಬ್ಬರೂ ರಸ್ತೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟರು. ಐದು ಎಂದರೆ ಅತ್ಯುತ್ತಮ. ಸೊನ್ನೆ ಎಂದರೆ ಸಂಚಾರಕ್ಕೆ ಸಲ್ಲದ್ದು. ಬಳಿಕ ಅವೇ ರಸ್ತೆಗಳ ಏರುಪೇರು, ಬಿರುಕು, ತೇಪೆಗಳನ್ನು ಉಪಕರಣಗಳಿಂದ ಅಳೆದು, ಜನರ ಅಂಕಕ್ಕೂ ಈ ಅಳತೆಗೂ ಇರುವ ಸಂಬಂಧವನ್ನು ಸಮೀಕರಣವಾಗಿ ಬರೆದರು. ಹೀಗೆ ಹುಟ್ಟಿದ ಸೇವಾರ್ಹತೆಯ ಅಂಕವು ಮನುಷ್ಯರ ಅನುಭವವನ್ನು ಅಳತೆಗೋಲಿಗೆ ಜೋಡಿಸಿತು. ಹೊಸ ಕಾಂಕ್ರೀಟು ರಸ್ತೆಗೆ ಸುಮಾರು ನಾಲ್ಕೂವರೆ ಅಂಕ. ಅದು ಒಂದೂವರೆಗೆ ಇಳಿದಾಗ ಆ ತುಂಡಿನ ಆಯುಷ್ಯ ಮುಗಿಯಿತೆಂದು ಎಣಿಸಿದರು. ಏರುಪೇರಿಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಪ್ರಾಧಾನ್ಯ ದೊರೆತುದು ಸ್ವಾಭಾವಿಕವೇ ಆಗಿತ್ತು. ಪ್ರಯಾಣಿಕನಿಗೆ ಬಿರುಕು ಕಾಣುವುದಕ್ಕಿಂತ ಮೊದಲು ಕುಲುಕಾಟ ತಿಳಿಯುತ್ತದೆ.

ಪರೀಕ್ಷೆಯ ಫಲಗಳಲ್ಲಿ ಎರಡನ್ನು ಮುಖ್ಯವಾಗಿ ನೆನೆಯಬೇಕು. ಮೊದಲನೆಯದು ಭಾರಕ್ಕೂ ಹಾನಿಗೂ ಇರುವ ಸಂಬಂಧ. ಭಾರ ಇಮ್ಮಡಿಯಾದರೆ ಹಾನಿಯೂ ಇಮ್ಮಡಿಯಾಗುವುದೆಂದು ಸಾಮಾನ್ಯರು ತಿಳಿಯುತ್ತಾರೆ. ಆದರೆ ಹಾನಿಯು ಸ್ಥೂಲವಾಗಿ ಭಾರದ ನಾಲ್ಕನೆಯ ಘಾತದಂತೆ ಏರುವುದೆಂದು ಇಲ್ಲಿ ಕಂಡುಬಂದಿತು. ಅಚ್ಚಿನ ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಮಡಿ. ಒಂದು ಟನ್ನಿನ ಅಚ್ಚು ಮಾಡುವ ಹಾನಿಗಿಂತ ಹತ್ತು ಟನ್ನಿನ ಅಚ್ಚು ಮಾಡುವ ಹಾನಿ ಹತ್ತು ಸಾವಿರ ಮಡಿ. ಗೊತ್ತಾದ ಮಿತಿಗಿಂತ ನೂರಕ್ಕೆ ಇಪ್ಪತ್ತು ಪಾಲು ಮಾತ್ರ ಹೆಚ್ಚು ಹೇರಿದ ಅಚ್ಚು ರಸ್ತೆಯನ್ನು ಇಮ್ಮಡಿ ಸವೆಸುತ್ತದೆ. ಈ ನಿಯಮ ಎಲ್ಲ ರಸ್ತೆಗಳಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲವಾದರೂ ಇದರ ತಿರುಳು ಅಲುಗಾಡಿಲ್ಲ. ಬೇರೆಬೇರೆ ವಾಹನಗಳನ್ನೆಲ್ಲ ಒಂದೇ ಮಾನಕ್ಕೆ ತರಲು 18,000 ಪೌಂಡಿನ, ಅಂದರೆ ಸುಮಾರು 8.16 ಟನ್ನಿನ ಒಂದು ಅಚ್ಚನ್ನು ಪ್ರಮಾಣವಾಗಿ ಹಿಡಿದರು. ಇಂದಿಗೂ ಭಾರತದ ರಸ್ತೆ ಎಂಜಿನಿಯರುಗಳು ಡಾಂಬರು ರಸ್ತೆಗಳ ವಿನ್ಯಾಸದಲ್ಲಿ ಬಳಸುವ ಪ್ರಮಾಣದ ಅಚ್ಚು ಇದೇ.

ಎರಡನೆಯ ಫಲ ನೀರಿಗೆ ಸಂಬಂಧಪಟ್ಟದ್ದು. ಕಾಂಕ್ರೀಟು ತುಂಡುಗಳು ಕೆಟ್ಟುದಕ್ಕೆ ಮುಖ್ಯ ಕಾರಣ ಕಾಂಕ್ರೀಟಿನ ದೋಷವಾಗಿರಲಿಲ್ಲ. ಅದರ ಅಡಿಯ ಆಸರೆ ಕೊಚ್ಚಿಹೋದುದಾಗಿತ್ತು. ಮಳೆಯ ನೀರು ಸಂದುಗಳಿಂದಲೂ ಅಂಚುಗಳಿಂದಲೂ ಇಳಿದು ಚಪ್ಪಡಿಯ ಅಡಿಯಲ್ಲಿ ನಿಲ್ಲುತ್ತದೆ. ಲಾರಿಯ ಚಕ್ರ ಮೇಲೆ ಬಂದಾಗ ಚಪ್ಪಡಿ ತಗ್ಗಿ ಆ ನೀರನ್ನು ಒತ್ತುತ್ತದೆ. ನೀರು ಮಣ್ಣಿನ ನುಣುಪನ್ನೂ ಮರಳನ್ನೂ ಹೊತ್ತು ಪಿಚಕಾರಿಯಂತೆ ಹೊರಗೆ ಚಿಮ್ಮುತ್ತದೆ. ಪ್ರತಿಯೊಂದು ಚಕ್ರವೂ ಹಿಡಿಯಷ್ಟು ಆಸರೆಯನ್ನು ಕದಿಯುತ್ತದೆ. ಕೊನೆಗೆ ಚಪ್ಪಡಿಯ ಅಡಿ ಪೊಳ್ಳಾಗುತ್ತದೆ. ಆಸರೆ ತಪ್ಪಿದ ಚಪ್ಪಡಿ ಮುರಿಯುತ್ತದೆ. ಸಂದುಗಳಲ್ಲಿ ಉಕ್ಕಿನ ಸರಳುಗಳಿಲ್ಲದ ರಸ್ತೆಗಳಲ್ಲಾದರೆ ಈ ಮಣ್ಣು ಮುಂದಿನ ಚಪ್ಪಡಿಯಿಂದ ಹಿಂದಿನ ಚಪ್ಪಡಿಯ ಅಡಿಗೆ ಸರಿದು, ಸಂದಿನಲ್ಲಿ ಮೆಟ್ಟಿಲಿನಂಥ ಏರುತಗ್ಗು ಉಂಟಾಗುತ್ತದೆ. ಅಂಥ ರಸ್ತೆಯಲ್ಲಿ ಹೋಗುವ ವಾಹನದೊಳಗೆ ತಾಳ ಹಾಕಿದಂತೆ ಟಕ್ ಟಕ್ ಸದ್ದು ಕೇಳುವುದು ಇದರಿಂದಲೇ. ರಸ್ತೆಯ ಬಲ ಕಣ್ಣಿಗೆ ಕಾಣುವ ಮೇಲ್ಮೈಯಲ್ಲಿ ಮಾತ್ರವಿಲ್ಲ. ನೀರು ಹರಿದುಹೋಗಲು ಕೊಟ್ಟ ಹಾದಿಯಲ್ಲಿಯೂ ಇದೆ.

ಇಷ್ಟೆಲ್ಲ ತಿಳಿದರೂ ಈ ಪರೀಕ್ಷೆಗೆ ತನ್ನದೇ ಆದ ಮಿತಿಗಳಿದ್ದವು. ಅಲ್ಲಿದ್ದುದು ಒಂದೇ ಬಗೆಯ ಜೇಡಿಮಣ್ಣು, ಒಂದೇ ಊರಿನ ಹವೆ, ಎರಡೇ ವರ್ಷಗಳ ಅವಧಿ. ಇಪ್ಪತ್ತು ವರ್ಷಗಳ ಸಂಚಾರವನ್ನು ಎರಡು ವರ್ಷಕ್ಕೆ ಅಡಕಬಹುದು. ಆದರೆ ಇಪ್ಪತ್ತು ವರ್ಷಗಳ ಬಿಸಿಲುಮಳೆಯನ್ನು ಅಡಕಲು ಬರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇತ್ತು. ದಪ್ಪನೆಯ ಚಪ್ಪಡಿಗಳಲ್ಲಿ ಹಲವು ಪರೀಕ್ಷೆ ಮುಗಿದಾಗಲೂ ಹೆಚ್ಚು ಕೆಡದೆ ಉಳಿದಿದ್ದವು. ಅವು ಬಲವಾದುವೆಂಬುದೇನೋ ಸ್ಪಷ್ಟ. ಆದರೆ ಅವುಗಳ ಆಯುಷ್ಯ ಎಷ್ಟು? ಒಂದು ಊರಿನ ಜನರ ಸರಾಸರಿ ಆಯುಷ್ಯವನ್ನು ಸತ್ತವರ ವಯಸ್ಸಿನಿಂದ ಮಾತ್ರ ಲೆಕ್ಕ ಹಾಕಿದರೆ, ಇನ್ನೂ ಗಟ್ಟಿಮುಟ್ಟಾಗಿ ಬದುಕಿರುವ ಮುದುಕರು ಲೆಕ್ಕದಿಂದ ಜಾರಿಹೋಗುತ್ತಾರೆ. ಹಾಗೆಯೇ ಮುರಿದ ಚಪ್ಪಡಿಗಳನ್ನಷ್ಟೇ ಎಣಿಸುವವನು ಮುರಿಯದವುಗಳ ವಿಷಯದಲ್ಲಿ ಮೋಸಹೋಗುತ್ತಾನೆ. ಈ ಕೊರತೆಯನ್ನು ಅರಿತ ಇಲಿನಾಯ್ ರಾಜ್ಯದವರು ಉಳಿದ ಕಾಂಕ್ರೀಟು ತುಂಡುಗಳನ್ನು ಕಿತ್ತೆಸೆಯಲಿಲ್ಲ. 1962ರಲ್ಲಿ ಸಂಚಾರಕ್ಕೆ ತೆರೆದ ಎಂಬತ್ತನೆಯ ಸಂಖ್ಯೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಅವನ್ನು ಸೇರಿಸಿ, ನಿಜವಾದ ಸಂಚಾರದಲ್ಲಿ ಅವು ಹೇಗೆ ಬಾಳುತ್ತವೆಂಬುದನ್ನು ಮುಂದೆಯೂ ಹಲವು ವರ್ಷ ಗಮನಿಸಿದರು.

ಕೆಲವು ರೋಗಗಳು ಲಾರಿಯ ಚಕ್ರದಿಂದ ಬರುವುದೇ ಇಲ್ಲ. ಅವನ್ನು ಕಾಲವೇ ತರುತ್ತದೆ. ಕ್ಯಾಲಿಫೋರ್ನಿಯಾದ ಥಾಮಸ್ ಸ್ಟಾಂಟನ್ ಎಂಬ ಎಂಜಿನಿಯರು 1940ರಲ್ಲಿ ಇಂಥದೊಂದು ರೋಗದ ಮೂಲವನ್ನು ಕಂಡುಹಿಡಿದನು. ಸಿಮೆಂಟಿನಲ್ಲಿರುವ ಕ್ಷಾರವೂ ಕೆಲವು ಬಗೆಯ ಜಲ್ಲಿಕಲ್ಲಿನಲ್ಲಿರುವ ಸಿಲಿಕವೂ ತೇವದಲ್ಲಿ ಕೂಡಿ ಒಂದು ಅಂಟನ್ನು ಹುಟ್ಟಿಸುತ್ತವೆ. ಆ ಅಂಟು ನೀರು ಹೀರಿ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಈ ಕ್ರಿಯೆ ಹೊರಗೆ ಕಾಣಲು ಹಲವು ವರ್ಷಗಳು ಬೇಕು. ಶೀತಪ್ರದೇಶಗಳಲ್ಲಿ ಕೆಲವು ಕಲ್ಲುಗಳೊಳಗೆ ಸೇರಿದ ನೀರು ಹೆಪ್ಪುಗಟ್ಟಿ ಸಂದುಗಳ ಬಳಿ ಕಾಂಕ್ರೀಟನ್ನು ಒಡೆಯುವುದೂ ಉಂಟು. ಎಷ್ಟು ಲಾರಿಗಳನ್ನು ಓಡಿಸಿದರೂ ಎರಡು ವರ್ಷದ ಪರೀಕ್ಷೆ ಇವನ್ನು ತೋರಿಸಲಾರದು.

ಹೀಗಿರಲು, ಅವಸರದ ಪರೀಕ್ಷೆಯ ಜತೆಗೆ ತಾಳ್ಮೆಯ ಪರೀಕ್ಷೆಯೂ ಬೇಕೆಂಬುದು ಮನವರಿಕೆಯಾಯಿತು. 1987ರಲ್ಲಿ ಅಮೆರಿಕದಲ್ಲಿ ರಸ್ತೆಗಳ ದೀರ್ಘಕಾಲದ ನಡವಳಿಕೆಯನ್ನು ಅಭ್ಯಸಿಸುವ ಕಾರ್ಯಕ್ರಮವೊಂದು ಆರಂಭವಾಯಿತು. ಇಲ್ಲಿ ಪ್ರಯೋಗಕ್ಕೆಂದೇ ಲಾರಿಗಳನ್ನು ಸುತ್ತಿಸುವುದಿಲ್ಲ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ, ಜನರು ದಿನವೂ ಬಳಸುವ ಹೆದ್ದಾರಿಗಳಲ್ಲಿಯೇ ಗುರುತು ಮಾಡಿದ 2,500ಕ್ಕೂ ಹೆಚ್ಚು ತುಂಡುಗಳನ್ನು ಆರಿಸಿಕೊಂಡರು. ಸಾಮಾನ್ಯವಾಗಿ ಒಂದೊಂದರ ಉದ್ದ 500 ಅಡಿ. ಮರುಭೂಮಿ, ಮಳೆನಾಡು, ಹಿಮದ ನಾಡುಗಳೆಲ್ಲವೂ ಇದರಲ್ಲಿ ಸೇರಿದುವು. ಇಪ್ಪತ್ತು ವರ್ಷಗಳ ಗುರಿಯಿಂದ ಹೊರಟ ಈ ಕಾರ್ಯ ಆ ಅವಧಿಯನ್ನು ದಾಟಿಯೂ ಮುಂದುವರಿಯಿತು.

ಈ ತುಂಡುಗಳನ್ನು ನೋಡಿಕೊಳ್ಳುವ ಕ್ರಮ ವೈದ್ಯನು ರೋಗಿಯನ್ನು ವರ್ಷವರ್ಷವೂ ಪರೀಕ್ಷಿಸುವ ಕ್ರಮವನ್ನು ಹೋಲುತ್ತದೆ. ಬಿರುಕುಗಳ ಉದ್ದವನ್ನೂ ಸ್ಥಾನವನ್ನೂ ನಕ್ಷೆಯಲ್ಲಿ ಬರೆದುಕೊಳ್ಳುತ್ತಾರೆ. ಬೆಳಕಿನ ಕಿರಣದಿಂದ ಅಳೆಯುವ ಉಪಕರಣವಿರುವ ವಾಹನವು ಓಡುತ್ತಲೇ ಮೇಲ್ಮೈಯ ಏರುಪೇರನ್ನು ದಾಖಲಿಸುತ್ತದೆ. ಗೊತ್ತಾದ ತೂಕವೊಂದನ್ನು ಚಪ್ಪಡಿಯ ಮೇಲೆ ಬೀಳಿಸಿ, ಅದು ಎಷ್ಟು ತಗ್ಗಿತೆಂಬುದನ್ನು ಸೂಕ್ಷ್ಮವಾಗಿ ಅಳೆಯುತ್ತಾರೆ. ಸಂದಿನ ಒಂದು ಬದಿಗೆ ತೂಕ ಬಿದ್ದಾಗ ಇನ್ನೊಂದು ಬದಿಯೂ ಹೆಚ್ಚುಕಡಮೆ ಅಷ್ಟೇ ತಗ್ಗಿದರೆ ಸಂದು ಆರೋಗ್ಯವಾಗಿದೆಯೆಂದು ಅರ್ಥ. ಇನ್ನೊಂದು ಬದಿ ಕದಲದಿದ್ದರೆ ಅಲ್ಲಿ ಭಾರವನ್ನು ಹಂಚಿಕೊಳ್ಳುವವರಿಲ್ಲವೆಂದು ತಿಳಿಯಬೇಕು. ಕೊಳವೆಯಂಥ ಕತ್ತಿಯಿಂದ ಚಪ್ಪಡಿಯ ತಿರುಳನ್ನು ಕೊರೆದು ತೆಗೆದು ಅದರ ಬಲವನ್ನೂ ದಪ್ಪವನ್ನೂ ಪರಿಶೀಲಿಸುತ್ತಾರೆ. ಅಳತೆ ಮಾಡಿದ ಹೊತ್ತನ್ನೂ ಬರೆದಿಡುತ್ತಾರೆ. ಮುಂಜಾನೆ ಸುರುಳಿದ ಚಪ್ಪಡಿಯೂ ಮಧ್ಯಾಹ್ನ ಉಬ್ಬಿದ ಚಪ್ಪಡಿಯೂ ಒಂದೇ ಅಳತೆಯನ್ನು ಕೊಡಲಾರವು ಎಂಬುದೇ ಇದಕ್ಕೆ ಕಾರಣ.

ಈ ಕಾರ್ಯಕ್ರಮದಲ್ಲಿ ಕಾಂಕ್ರೀಟು ರಸ್ತೆಗಳಿಗಾಗಿಯೇ ಹದಿನಾಲ್ಕು ರಾಜ್ಯಗಳಲ್ಲಿ ವಿಶೇಷ ತುಂಡುಗಳನ್ನು ಕಟ್ಟಿದರು. ಎಂಟು ಮತ್ತು ಹನ್ನೊಂದು ಅಂಗುಲ ದಪ್ಪದ ಚಪ್ಪಡಿಗಳು, ಹನ್ನೆರಡು ಮತ್ತು ಹದಿನಾಲ್ಕು ಅಡಿ ಅಗಲದ ಪಥಗಳು, ಮೂರು ಬಗೆಯ ತಳಪದರಗಳು: ಹೀಗೆ ಒಂದೊಂದು ಗುಣವನ್ನೂ ಬದಲಿಸಿ ಹೋಲಿಸುವಂತೆ ಅವನ್ನು ಯೋಜಿಸಿದ್ದರು. ಅದರಿಂದ ತಿಳಿದುಬಂದ ಸಂಗತಿಗಳಲ್ಲಿ ಒಂದು ಬೆರಗು ಹುಟ್ಟಿಸುವಂಥದು. ಚಪ್ಪಡಿಯ ಅಡಿಗೆ ಸಿಮೆಂಟು ಕಡಮೆ ಬೆರೆಸಿದ ಬಡ ಕಾಂಕ್ರೀಟನ್ನು ಹಾಸಿದರೆ ಬುಡ ಗಟ್ಟಿಯಾಗಿ ರಸ್ತೆ ಬಹುಕಾಲ ಬಾಳೀತೆಂದು ಯಾರಿಗಾದರೂ ತೋಚುತ್ತದೆ. ಆದರೆ ಒಟ್ಟಿನಲ್ಲಿ ನೋಡಿದಾಗ, ಹೆಚ್ಚು ಬಿರುಕು ಬಿಟ್ಟುದು ಆ ಗಟ್ಟಿ ತಳದ ಮೇಲಿನ ಚಪ್ಪಡಿಗಳೇ. ನೀರು ಸುಲಭವಾಗಿ ಬಸಿದುಹೋಗುವ, ಡಾಂಬರು ಬೆರೆಸಿದ ಜಲ್ಲಿಯ ತಳದ ಮೇಲಿನವು ಅವಕ್ಕಿಂತ ಚೆನ್ನಾಗಿ ಬಾಳಿದವು. ಚಪ್ಪಡಿ ಸುರುಳಿದಾಗ ಬಗ್ಗದ ತಳವು ಅದರೊಡನೆ ಹೊಂದಿಕೊಳ್ಳುವುದಿಲ್ಲ. ಆಗ ಚಪ್ಪಡಿ ಅಲ್ಲಲ್ಲಿ ಅಂತರದಲ್ಲಿ ನಿಲ್ಲಬೇಕಾಗುತ್ತದೆ. ಅಗಲವಾದ ಪಥಗಳಲ್ಲಿ ಚಕ್ರಗಳು ಅಂಚಿನಿಂದ ದೂರ ಉಳಿಯುವುದರಿಂದ ಸಂದುಗಳ ಏರುತಗ್ಗು ಕಡಮೆಯಾಗುವುದೂ ಕಂಡುಬಂದಿತು. ಎರಡಡಿ ಹೆಚ್ಚಿಗೆ ಕಾಂಕ್ರೀಟು ಹಾಕುವುದು ಕೆಲವೊಮ್ಮೆ ದಪ್ಪವನ್ನು ಏರಿಸುವುದರಷ್ಟೇ ಫಲಕಾರಿ ಎಂಬ ವಿವೇಕ ಹೀಗೆ ದೊರೆಯಿತು.

ಇಂಥ ಕೆಲಸಕ್ಕೆ ಬೇಕಾದುದು ಯಂತ್ರಗಳಿಗಿಂತ ಹೆಚ್ಚಾಗಿ ನಿಷ್ಠೆ. ಅಳತೆಯನ್ನು ಆರಂಭಿಸಿದವರು ಅದು ಮುಗಿಯುವ ಮೊದಲೇ ನಿವೃತ್ತರಾಗುತ್ತಾರೆ. ಅವರ ಬಳಿಕ ಬಂದವರು ಅದೇ ಕ್ರಮದಲ್ಲಿ, ಅದೇ ಎಚ್ಚರದಿಂದ ಅಳೆಯದಿದ್ದರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ನಡುವೆ ಯಾರೋ ಒಬ್ಬರು ತುಂಡಿನ ಮೇಲೆ ಡಾಂಬರು ಹೊದಿಸಿ, ಆ ಸಂಗತಿಯನ್ನು ಬರೆದಿಡದೆ ಹೋದರೆ, ಇಪ್ಪತ್ತು ವರ್ಷಗಳ ದಾಖಲೆಯ ಸರಪಳಿ ಒಂದೇ ದಿನದಲ್ಲಿ ಕಡಿದುಬೀಳುತ್ತದೆ. ಹಲಸಿನ ಸಸಿಯನ್ನು ನೆಡುವವನು ಅದರ ಹಣ್ಣನ್ನು ತಾನೇ ತಿನ್ನುವೆನೆಂದು ಎಣಿಸುವುದಿಲ್ಲ. ದೀರ್ಘಕಾಲದ ಅಳತೆಗೆ ಕೈಹಾಕುವವನ ಮನಸ್ಸೂ ಅಂಥದಾಗಿರಬೇಕು.

ಭಾರತಕ್ಕೆ ಈ ವಿಷಯ ದೂರದ್ದಲ್ಲ. ಮುಂಬಯಿಯ ಕಡಲತೀರದ ಮರೀನ್ ಡ್ರೈವ್ ರಸ್ತೆಯ ಕಾಂಕ್ರೀಟು ಅನೇಕ ದಶಕಗಳ ಕಾಲ ಬಾಳಿ ಹೆಸರಾಯಿತು. 2002ರಲ್ಲಿ ಪೂರ್ತಿಯಾಗಿ ತೆರೆದ ಮುಂಬಯಿ-ಪುಣೆ ವೇಗದೂತ ಹೆದ್ದಾರಿಯನ್ನು ಕಾಂಕ್ರೀಟಿನಿಂದಲೇ ಕಟ್ಟಲಾಯಿತು. ಬೆಂಗಳೂರಿನಲ್ಲಿಯೂ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟು ಹೊದಿಸುವ ಕೆಲಸ ಹಲವು ಮುಖ್ಯ ರಸ್ತೆಗಳಲ್ಲಿ ನಡೆದಿದೆ; ಜನರು ಅದನ್ನು ವೈಟ್ ಟಾಪಿಂಗ್ ಎಂದೇ ಕರೆಯುತ್ತಾರೆ. ಕಾಂಕ್ರೀಟಿಗೆ ಮೊದಲ ವೆಚ್ಚ ಸಾಮಾನ್ಯವಾಗಿ ಹೆಚ್ಚು, ಆಮೇಲಿನ ದುರಸ್ತಿ ಕಡಮೆ. ತಾಮ್ರದ ಕೊಡ ಕೊಳ್ಳುವವನು ಒಮ್ಮೆ ಹೆಚ್ಚು ತೆತ್ತು ಮಣ್ಣಿನ ಗಡಿಗೆಯನ್ನು ವರ್ಷವರ್ಷವೂ ಕೊಳ್ಳುವ ಕಷ್ಟವನ್ನು ನೀಗಿಕೊಳ್ಳುವಂತೆ ಇದು. ಆದರೆ ಕೊಡ ತೂತಾಗದೆ ಉಳಿದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ನೀರಿನ ಕೊಳವೆಗೋ ವಿದ್ಯುತ್ ತಂತಿಗೋ ಜಾಗವನ್ನು ಮೊದಲೇ ಬಿಡದೆ, ಹಾಸಿದ ಚಪ್ಪಡಿಯನ್ನು ಮರುವರ್ಷವೇ ಅಗೆದರೆ, ಮೂವತ್ತು ವರ್ಷದ ಬಾಳಿಕೆ ಕಾಗದದ ಮೇಲೆಯೇ ಉಳಿಯುತ್ತದೆ.

ಭಾರದ ಮಾತೂ ಹೀಗೆಯೇ. 2018ರಲ್ಲಿ ಭಾರತ ಸರ್ಕಾರವು ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮೇಲೆ ಹೇರಬಹುದಾದ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಏರಿಕೆ ನೂರಕ್ಕೆ ಹದಿಮೂರರಷ್ಟು. ನಾಲ್ಕನೆಯ ಘಾತದ ನಿಯಮದಂತೆ ಒಂದು ಅಚ್ಚಿನ ಹಾನಿ ಏರುವುದು ಸುಮಾರು ನೂರಕ್ಕೆ ಅರವತ್ತರಷ್ಟು. ಅದೇ ಸರಕನ್ನು ಕಡಮೆ ಲಾರಿಗಳಲ್ಲಿ ಸಾಗಿಸಬಹುದಾದ್ದರಿಂದ ಈ ನಷ್ಟದಲ್ಲಿ ಒಂದು ಪಾಲು ತುಂಬಿಬರುತ್ತದೆ. ಆದರೆ ಆ ಮಿತಿಯನ್ನೂ ಮೀರಿ ಗುಟ್ಟಾಗಿ ಹೇರುವ ಹೊರೆಗೆ ಇಂಥ ಸಮಾಧಾನವಿಲ್ಲ. ಒಬ್ಬನು ಗಳಿಸುವ ಬಾಡಿಗೆಯ ಬೆಲೆಯನ್ನು ರಸ್ತೆಯನ್ನು ಬಳಸುವ ಎಲ್ಲರೂ ತೆರಬೇಕಾಗುತ್ತದೆ.

ರಸ್ತೆ ಮಾತನಾಡುವುದಿಲ್ಲ, ಆದರೆ ತನ್ನ ಮೇಲೆ ಏನೇನು ನಡೆಯಿತೆಂಬುದನ್ನು ಬಿರುಕು, ಏರುತಗ್ಗುಗಳ ಲಿಪಿಯಲ್ಲಿ ತಪ್ಪದೆ ಬರೆದಿಡುತ್ತದೆ. ಕಟ್ಟಿದವನ ಎಚ್ಚರ, ಹೊರೆ ಹೇರಿದವನ ಆಸೆ, ಚರಂಡಿಯನ್ನು ಮರೆತವನ ಅಲಕ್ಷ್ಯ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಆ ಲಿಪಿಯನ್ನು ವರ್ಷವರ್ಷವೂ ತಾಳ್ಮೆಯಿಂದ ಓದಿ, ಓದಿದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ನಾಡು ಮುಂದಿನ ರಸ್ತೆಯನ್ನು ಹಿಂದಿನದಕ್ಕಿಂತ ಚೆನ್ನಾಗಿ ಕಟ್ಟುತ್ತದೆ. ಓದದ ನಾಡು ಅದೇ ತಪ್ಪಿಗೆ ಅದೇ ಹಣವನ್ನು ಮತ್ತೆ ಮತ್ತೆ ತೆರುತ್ತದೆ.